ವಿಶಾಲ ಪಟ್ಟಿಯ ಆಂಟೆನಾದ ಚರಿತ್ರೆಯಲ್ಲಿ ಕನ್ನಡನಾಡು

ಅತಿವಿಶಾಲ ಪಟ್ಟಿಯ ನಿಸ್ತಂತು ಸಂಪರ್ಕದ ಚರಿತ್ರೆಯನ್ನು ಬರೆಯುವವರು ಅದನ್ನು ಸಾಮಾನ್ಯವಾಗಿ 2002ನೆಯ ಇಸವಿಯಿಂದ ಪ್ರಾರಂಭಿಸುವುದು ರೂಢಿ. ಆ ವರ್ಷದ ಫೆಬ್ರವರಿ 14ರಂದು ಅಮೆರಿಕದ ಫೆಡರಲ್ ಕಮ್ಯೂನಿಕೇಷನ್ಸ್ ಕಮಿಷನ್ 3.1ರಿಂದ 10.6 ಗಿಗಾಹರ್ಟ್ಸ್‌ವರೆಗಿನ ಕಂಪನಾಂಕಗಳನ್ನು, ಅತ್ಯಲ್ಪ ಶಕ್ತಿಯ ಯಂತ್ರಗಳಿಗಾಗಿ, ಪ್ರತ್ಯೇಕ ಲೈಸೆನ್ಸಿನ ಅಗತ್ಯವಿಲ್ಲದಂತೆ ತೆರೆದುಕೊಟ್ಟಿತು. ಒಂದು ಸಂಕೇತವು ಆಕ್ರಮಿಸುವ ಪಟ್ಟಿಯ ಅಗಲ 500 ಮೆಗಾಹರ್ಟ್ಸ್‌ಗೆ ಕಡಮೆಯಿಲ್ಲದಿದ್ದರೆ, ಅಥವಾ ಅದರ ನಡುಕಂಪನಾಂಕದ ಐದನೆಯ ಒಂದು ಭಾಗಕ್ಕೆ ಕಡಮೆಯಿಲ್ಲದಿದ್ದರೆ, ಅದು ಅತಿವಿಶಾಲ ಪಟ್ಟಿಯೆನಿಸಿಕೊಳ್ಳುತ್ತದೆ ಎಂಬ ಲಕ್ಷಣವೂ ಆಗಲೇ ನಿಯಮದಲ್ಲಿ ಸೇರಿತು. ನಮ್ಮ ಅಭಿಪ್ರಾಯದಲ್ಲಿ ಇದು ಒಂದು ಕಟ್ಟಳೆಯ ಜನ್ಮದಿನವೇ ಹೊರತು ಆ ವಸ್ತುವಿನ ಜನ್ಮದಿನವಲ್ಲ. ನಿಸ್ತಂತು ವಿದ್ಯೆ ಹುಟ್ಟಿದ್ದೇ ವಿಶಾಲ ಪಟ್ಟಿಯಲ್ಲಿ; ಅದನ್ನು ಕಿರಿದಾದ ಪಟ್ಟಿಗೆ ಕಟ್ಟಿಹಾಕಿದುದು ಆಮೇಲಿನ ಕಾರ್ಯ. ಪ್ರಕೃತ ಲೇಖನದಲ್ಲಿ ಈ ಮಾತನ್ನು ಸಮರ್ಥಿಸುವುದರ ಜೊತೆಗೆ, ವಿಶಾಲ ಪಟ್ಟಿಯ ಆಂಟೆನಾದ ರಚನೆಯಲ್ಲಿ ಕನ್ನಡನಾಡಿನಲ್ಲಿ ನಡೆದ ಕೆಲಸವನ್ನು, ವಿಶೇಷವಾಗಿ 2020ರಲ್ಲಿ ಶರಾವತಿಯ ನೀರಿನ ಮೇಲೆ ನಡೆದ ಒಂದು ಪ್ರಯೋಗವನ್ನು, ಚರಿತ್ರೆಯ ವಿದ್ಯಾರ್ಥಿಗಳ ಗಮನಕ್ಕೆ ತರಲು ಯತ್ನಿಸಿದ್ದೇವೆ.

ಮೊದಲು ಸಮಸ್ಯೆಯ ಸ್ವರೂಪವನ್ನು ತಿಳಿದುಕೊಳ್ಳಬೇಕು. ಏರಿಯಲ್ ಎಂದು ನಮ್ಮ ಹಿರಿಯರೂ ಆಂಟೆನಾ ಎಂದು ಈಗಿನವರೂ ಕರೆಯುವ ವಸ್ತುವು ಮೂಲತಃ ಒಂದು ಲೋಹದ ಕಂಬಿ. ಅದರ ಉದ್ದ ತರಂಗದ ಉದ್ದದ ಅರ್ಧದಷ್ಟಿದ್ದಾಗ, ತಂಬೂರಿಯ ತಂತಿ ತನ್ನ ಶ್ರುತಿಗೆ ಮಿಡಿಯುವಂತೆ, ಅದು ಆ ತರಂಗಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ. ಬೇರೆ ತರಂಗಗಳಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಒಂದೇ ನಿಲಯವನ್ನು ಕೇಳುವವನಿಗೆ ಇದು ಗುಣ. ಹಲವು ಕಂಪನಾಂಕಗಳನ್ನು ಏಕಕಾಲದಲ್ಲಿ ಸ್ವೀಕರಿಸಬೇಕಾದವನಿಗೆ ಇದೇ ದೋಷ.

ಕೊಡ್ಲಿಪೇಟೆಯ ನಿದರ್ಶನದಿಂದ ಇದನ್ನು ವಿಶದಪಡಿಸಬಹುದು. ಕೊಡಗಿನ ಉತ್ತರದ ಅಂಚಿನಲ್ಲಿ, ಹೇಮಾವತಿ ಹೊಳೆಗೂ ಹಾಸನ ಜಿಲ್ಲೆಯ ಗಡಿಗೂ ಸಮೀಪವಾಗಿರುವ ಈ ಊರಿಗೆ ಬಾನುಲಿಯು ಬಹುಕಾಲ ದೂರದಿಂದಲೇ ಬರಬೇಕಾಗಿತ್ತು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 490 ಮೀಟರು. ಅದರ ಅರ್ಧದಷ್ಟು ಉದ್ದದ ಕಂಬಿಯನ್ನು ಯಾವ ಮನೆಯವರು ತಾನೆ ಕಟ್ಟಬಲ್ಲರು? ಎರಡು ಬಿದಿರುಗಳ ನಡುವೆ ಎಳೆದ ತಾಮ್ರದ ಜಾಲರಿಯೇ ಸಾಕೆನಿಸಿಕೊಂಡಿತು. ಆಯ್ಕೆಯ ಕೆಲಸವನ್ನು ಪೆಟ್ಟಿಗೆಯೊಳಗಿನ ತಿರುಗುಗುಂಡಿಯೇ ಮಾಡಬೇಕಾಗಿತ್ತು. 1993ರಲ್ಲಿ ಮಡಿಕೇರಿಯ ನಿಲಯವು 103.1 ಮೆಗಾಹರ್ಟ್ಸ್‌ನಲ್ಲಿ ಪ್ರಸಾರವನ್ನಾರಂಭಿಸಿದಾಗ ತರಂಗದ ಉದ್ದ ಮೂರು ಮೀಟರಿಗೂ ಕಡಮೆಯಾಯಿತು. ಒಂದೂವರೆ ಮೀಟರಿನ ಕಡ್ಡಿ ಅದಕ್ಕೆ ಸರಿಹೊಂದುತ್ತದೆ. ಆದರೆ ಇಂತಹ ತರಂಗಗಳು ಬೆಟ್ಟವನ್ನು ಸುತ್ತಿಕೊಂಡು ಬರುವುದರಲ್ಲಿ ಹಿಂದು. ದೂರದರ್ಶನದ ಕಾಲದಲ್ಲಿ ಹಂಚಿನ ಮಾಡುಗಳ ಮೇಲೆ ನಿಂತ ಅಲ್ಯೂಮಿನಿಯಮ್ ಕಡ್ಡಿಗಳ ಸಾಲು ಕೂಡ ನಿರ್ದಿಷ್ಟ ಚಾನೆಲಿಗೆ ಅಳೆದು ಕತ್ತರಿಸಿದ್ದೇ ಆಗಿತ್ತು. ಈ ಮೂರು ಘಟ್ಟಗಳಲ್ಲಿಯೂ ಒಂದು ನಿಲಯ, ಒಂದು ಕಂಪನಾಂಕ, ಅದಕ್ಕೆ ತಕ್ಕ ಹೊಂದಿಕೆ ಎಂಬ ಕಲ್ಪನೆ ಅಚಲವಾಗಿ ಉಳಿದಿದೆ. ಅದು ಪ್ರಕೃತಿನಿಯಮವೆಂದು ನಾವು ಭಾವಿಸುವಷ್ಟು ಅದು ನಮಗೆ ರೂಢಿಯಾಗಿದೆ.

ಅದು ಪ್ರಕೃತಿನಿಯಮವಲ್ಲವೆಂಬುದನ್ನು ಆದಿಕಾಲದ ಪ್ರಯೋಗಗಳೇ ತೋರಿಸುತ್ತವೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್‌ರಿಕ್ ಹರ್ಟ್ಸ್ ತನ್ನ ಪ್ರಯೋಗಗಳನ್ನು 1886ರಲ್ಲಿ ಆರಂಭಿಸಿದನು. ಲೋಹದ ಎರಡು ಗುಂಡುಗಳ ನಡುವೆ ವಿದ್ಯುತ್ ಕಿಡಿಯನ್ನು ಹಾರಿಸಿ, ದೂರದಲ್ಲಿಟ್ಟ ಬಳೆಯಲ್ಲಿ ಪ್ರತಿಕಿಡಿಯನ್ನು ಅವನು ಕಂಡನು. ಕಿಡಿಯೆಂಬುದು ಕ್ಷಣಿಕವಾದ ವಸ್ತು. ಕ್ಷಣ ಎಷ್ಟು ಕಿರಿದೋ ಅದರಲ್ಲಡಗಿದ ಕಂಪನಾಂಕಗಳ ಪಟ್ಟಿ ಅಷ್ಟು ಹಿರಿದು, ಇದು ಗಣಿತಸಿದ್ಧ. ಆದುದರಿಂದ ಮೊದಲ ನಿಸ್ತಂತು ಪ್ರೇಷಕಗಳೆಲ್ಲವೂ ಇಂದಿನ ಲಕ್ಷಣದ ಪ್ರಕಾರ ವಿಶಾಲ ಪಟ್ಟಿಯ ಯಂತ್ರಗಳೇ. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಯ ಆಚೆಗೆ ತರಂಗಗಳನ್ನು ಕಳುಹಿಸಿ ಗಂಟೆಯನ್ನು ಬಾರಿಸಿದುದು ಪ್ರಸಿದ್ಧವಾಗಿದೆ. ಅವರು ಕೆಲವೇ ಮಿಲಿಮೀಟರುಗಳಷ್ಟು ಸಣ್ಣ ತರಂಗಗಳವರೆಗೂ ಹೋದರು; ಅವನ್ನು ಸಂಗ್ರಹಿಸಲು ಆಲಿಕೆಯಂತೆ ಬಾಯಗಲಿಸಿದ ಲೋಹದ ಕೊಳವೆಯನ್ನು ಬಳಸಿದರು. ಈ ಕಹಳೆಯಾಕಾರದ ಆಂಟೆನಾ ಒಂದು ತರಂಗಕ್ಕೆ ಶ್ರುತಿಗೊಂಡದ್ದಲ್ಲ. ಕಂಬಿಯ ಉದ್ದದ ಮೇಲಲ್ಲ, ಬಾಯಿಯ ಕ್ರಮಕ್ರಮವಾದ ಅಗಲಿಕೆಯ ಮೇಲೆ ಅದರ ಗುಣ ನಿಂತಿದೆ.

ಇಂಗ್ಲೆಂಡಿನ ಆಲಿವರ್ ಲಾಡ್ಜ್ 1898ರಲ್ಲಿ ಪಡೆದ ಅಮೆರಿಕದ ಪೇಟೆಂಟು ಈ ಚರಿತ್ರೆಯಲ್ಲಿ ಅತ್ಯಂತ ಕುತೂಹಲಕಾರಿಯಾದ ದಾಖಲೆಯೆಂದು ನಾವು ಎಣಿಸುತ್ತೇವೆ. ಅದರ ಚಿತ್ರಗಳಲ್ಲಿ ತುದಿಗೆ ತುದಿ ಮಾಡಿ ನಿಲ್ಲಿಸಿದ ಎರಡು ಶಂಕುಗಳೂ, ಚಿಟ್ಟೆಯ ರೆಕ್ಕೆಗಳಂತಹ ಎರಡು ತ್ರಿಕೋನ ತಗಡುಗಳೂ ಕಾಣಬರುತ್ತವೆ. ಇಂದಿನ ಅತಿವಿಶಾಲ ಪಟ್ಟಿಯ ಆಂಟೆನಾಗಳ ಮೂಲರೂಪಗಳು ಇವೇ. ಆದರೆ ಅದೇ ದಾಖಲೆಯ ಮುಖ್ಯ ಪ್ರತಿಪಾದನೆ ಪ್ರೇಷಕ-ಗ್ರಾಹಕಗಳ ಶ್ರುತಿಗೂಡಿಕೆ! ಪಟ್ಟಿಯನ್ನು ಹಿಗ್ಗಿಸುವ ಆಕಾರವೂ ಕುಗ್ಗಿಸುವ ತತ್ತ್ವವೂ ಒಂದೇ ಹಾಳೆಯಲ್ಲಿ ಹುಟ್ಟಿದವು. ಲೋಕವು ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದನ್ನು ಮರೆಯಿತು.

ಮರೆಯಲು ಕಾರಣವಿಲ್ಲದೆ ಇರಲಿಲ್ಲ. ಕಿಡಿಯ ಪ್ರೇಷಕಗಳು ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದಂತೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಕೇಳಗೊಡಿಸುತ್ತಿರಲಿಲ್ಲ. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದ ಮೇಲೆ ಆಕಾಶಕ್ಕೂ ಒಂದು ಶಿಸ್ತು ಬೇಕೆಂಬ ಕೂಗು ಬಲವಾಯಿತು. 1927ರ ವಾಷಿಂಗ್ಟನ್ ಸಮ್ಮೇಳನವು ಸೇವೆಗಳಿಗೆ ಕಂಪನಾಂಕಗಳನ್ನು ಹಂಚಿ, ಕಿಡಿಯ ಯಂತ್ರಗಳನ್ನು ಹಂತಹಂತವಾಗಿ ಕೈಬಿಡುವಂತೆ ಮಾಡಿತು. ಇಂಡಿಯದಲ್ಲಿ 1933ರ ನಿಸ್ತಂತು ತಂತಿ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ನಿಸ್ತಂತು ಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧವಾಯಿತು. ಚೀಫ್ ಕಮಿಷನರರ ಆಡಳಿತದಲ್ಲಿದ್ದ ಕೊಡಗಿಗೂ ಈ ಕಾಯಿದೆ ಅನ್ವಯಿಸಿತು. ಮುಂದೆ ಬಹುವರ್ಷ ರೇಡಿಯೋ ಇದ್ದವರು ಅಂಚೆಕಚೇರಿಯಲ್ಲಿ ಲೈಸೆನ್ಸಿನ ಹಣವನ್ನು ಕಟ್ಟಬೇಕಾಗಿದ್ದುದನ್ನು ವೃದ್ಧರು ಇಂದಿಗೂ ನೆನೆಯುತ್ತಾರೆ. ಜಮೀನನ್ನು ಅಳೆದು ಸರ್ವೆ ನಂಬರು ಕೊಟ್ಟಂತೆ ಆಕಾಶವನ್ನು ಅಳೆದು ನಂಬರು ಕೊಟ್ಟುದು ಹೀಗೆ. ನೆರೆಯ ಮೈಸೂರು ಸಂಸ್ಥಾನದಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಪ್ರಸಾರವನ್ನಾರಂಭಿಸಿ ಅದಕ್ಕೆ ಆಕಾಶವಾಣಿಯೆಂದು ಹೆಸರಿಟ್ಟುದು ಈ ಹೊಸ ವ್ಯವಸ್ಥೆಯ ಕಾಲದಲ್ಲಿಯೇ.

ಕಿರಿದಾದ ಪಟ್ಟಿಯ ಸಾಮ್ರಾಜ್ಯ ಹೆಚ್ಚುಕಾಲ ನಿರಾತಂಕವಾಗಿ ಉಳಿಯಲಿಲ್ಲ. ಧ್ವನಿಗೆ ಹತ್ತು ಕಿಲೋಹರ್ಟ್ಸ್ ಅಗಲದ ಪಟ್ಟಿ ಸಾಕು. ಟೆಲಿವಿಷನ್ನಿನ ಚಿತ್ರಕ್ಕೆ ಅದರ ನೂರಾರು ಪಟ್ಟು ಬೇಕು. 1939ರ ಸುಮಾರಿಗೆ ಅಮೆರಿಕದ ಫಿಲಿಪ್ ಕಾರ್ಟರ್ ಲಾಡ್ಜನ ಶಂಕುಗಳನ್ನು ಮತ್ತೆ ಎತ್ತಿಕೊಂಡನು. 1941ರಲ್ಲಿ ಶೆಲ್ಕುನಾಫ್ ಅವುಗಳ ಗಣಿತವನ್ನು ಬಿಡಿಸಿದನು. ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದ ಮುಶಿಯಾಕೆ 1948ರಲ್ಲಿ ಒಂದು ಸೊಗಸಾದ ಸಂಗತಿಯನ್ನು ಕಂಡುಹಿಡಿದನು: ಲೋಹದ ಭಾಗವೂ ಬಯಲಿನ ಭಾಗವೂ ಒಂದೇ ಆಕಾರದಲ್ಲಿದ್ದರೆ ಅಂತಹ ಆಂಟೆನಾದ ಪ್ರತಿಬಾಧೆ ಎಲ್ಲ ಕಂಪನಾಂಕಗಳಲ್ಲಿಯೂ ಸುಮಾರು 188 ಓಮ್. ಅನಂತರ ಇಲಿನಾಯ್ ವಿಶ್ವವಿದ್ಯಾನಿಲಯದ ರಮ್ಸೆ 1950ರ ದಶಕದಲ್ಲಿ ತತ್ತ್ವವನ್ನು ಇನ್ನೂ ಸರಳಗೊಳಿಸಿದನು. ಉದ್ದವೆಂಬ ಅಳತೆಯೇ ಇಲ್ಲದ, ಕೇವಲ ಕೋನಗಳಿಂದ ನಿರ್ಧಾರವಾಗುವ ಆಕಾರಕ್ಕೆ ಯಾವ ತರಂಗದ ಮೇಲೂ ಪಕ್ಷಪಾತವಿರಲಾರದು ಎಂಬುದು ಅವನ ವಾದ. ಅಲ್ಲಿಯೇ ಇಸ್ಬೆಲ್ 1960ರಲ್ಲಿ ವಿವರಿಸಿದ ಲಾಗ್-ಪೀರಿಯಾಡಿಕ್ ಆಂಟೆನಾದಲ್ಲಿ ಕಡ್ಡಿಗಳ ಉದ್ದ ಗುಣೋತ್ತರ ಶ್ರೇಢಿಯಲ್ಲಿ ಏರುತ್ತದೆ. ಪ್ರತಿಯೊಂದು ತರಂಗವೂ ತನಗೆ ಸರಿಹೊಂದುವ ಕಡ್ಡಿಯನ್ನು ತಾನೇ ಆರಿಸಿಕೊಳ್ಳುತ್ತದೆ.

ಈ ವೇಳೆಗೆ ಬೆಂಗಳೂರಿನಲ್ಲಿ ಆಂಟೆನಾ ಶಾಸ್ತ್ರದ ಅಧ್ಯಯನಕ್ಕೆ ತಳಹದಿ ಬಿದ್ದಿತ್ತು. ಅದರಲ್ಲಿ ಮುಖ್ಯಪಾತ್ರ ವಹಿಸಿದ ರಾಜೇಶ್ವರಿ ಚಟರ್ಜಿಯವರ ಹೆಸರು ನಮ್ಮ ಚರಿತ್ರೆಯ ಪಠ್ಯಗಳಲ್ಲಿ ಬರುವುದು ಅಪೂರ್ವ. 1922ರಲ್ಲಿ ಜನಿಸಿದ ಇವರು ಹಳೆಯ ಮೈಸೂರಿನ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, 1943ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದರು. ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟು ಪಡೆದು, 1953ರಲ್ಲಿ ಹಿಂದಿರುಗಿ ಅದೇ ಸಂಸ್ಥೆಯ ಅಧ್ಯಾಪಕವರ್ಗಕ್ಕೆ ಸೇರಿದರು. ಅದೇ ವರ್ಷ ಸಹೋದ್ಯೋಗಿ ಶಿಶಿರಕುಮಾರ ಚಟರ್ಜಿಯವರನ್ನು ವಿವಾಹವಾದರು. ದಂಪತಿಗಳಿಬ್ಬರೂ ಮೈಕ್ರೋತರಂಗಗಳ ಪ್ರಯೋಗಶಾಲೆಯನ್ನು ಕಟ್ಟಿದರು. ಅಳತೆಯ ಉಪಕರಣಗಳನ್ನು ವಿದೇಶದಿಂದ ತರಿಸುವುದು ಸುಲಭವಲ್ಲದ ಕಾಲವದು. ಇವರು ಇಪ್ಪತ್ತು ಮಂದಿ ಡಾಕ್ಟರೇಟು ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಿದರು. ಆಂಟೆನಾ ಸಿದ್ಧಾಂತ ಮತ್ತು ಪ್ರಯೋಗವನ್ನು ಕುರಿತು ಇವರು ಬರೆದ ಇಂಗ್ಲಿಷ್ ಗ್ರಂಥವು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಳಕೆಗೆ ಬಂದಿತು. 1982ರಲ್ಲಿ ನಿವೃತ್ತರಾಗಿ 2010ರಲ್ಲಿ ನಿಧನರಾದರು. ಅತಿವಿಶಾಲ ಪಟ್ಟಿ ಎಂಬ ಹೆಸರು ಅವರ ಸೇವೆಯ ಕಾಲದಲ್ಲಿ ಇನ್ನೂ ಬಳಕೆಗೆ ಬಂದಿರಲಿಲ್ಲ. ಹಾಗಿದ್ದರೂ ತರಂಗವನ್ನು ಕಂಬಿಯ ಉದ್ದದಿಂದಲ್ಲದೆ ಮೇಲ್ಮೈಯ ಆಕಾರದಿಂದ ನಡೆಸಿಕೊಂಡು ಹೋಗುವ ವಿದ್ಯೆಯನ್ನು ಕನ್ನಡನಾಡಿನಲ್ಲಿ ಒಂದು ತಲೆಮಾರಿಗೆ ಕಲಿಸಿದವರಲ್ಲಿ ಇವರು ಅಗ್ರಗಣ್ಯರು. ಆಳಿದವರ ಮತ್ತು ಕಾದಿದವರ ಹೆಸರುಗಳನ್ನು ವರ್ಷಸಹಿತ ಬಾಯಿಪಾಠ ಮಾಡಿಸುವ ನಾವು ಇಂತಹವರ ಒಂದು ಹೆಸರನ್ನಾದರೂ ಅವುಗಳ ಪಕ್ಕದಲ್ಲಿ ಸೇರಿಸುವುದು ಉಚಿತ.

ಬೆಂಗಳೂರಿನಿಂದ ಉತ್ತರಕ್ಕೆ ಗೌರಿಬಿದನೂರಿನ ಬಳಿ 1976ರಲ್ಲಿ ಒಂದು ರೇಡಿಯೋ ದೂರದರ್ಶಕ ಸಿದ್ಧವಾಯಿತು. ಇದು ರಾಮನ್ ಸಂಶೋಧನ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳ ಜಂಟಿ ಸಾಹಸ. ಸುಮಾರು 1.4 ಕಿಲೋಮೀಟರು ಉದ್ದದ ಪೂರ್ವಪಶ್ಚಿಮದ ತೋಳು, ಅರ್ಧ ಕಿಲೋಮೀಟರಿನ ದಕ್ಷಿಣದ ತೋಳು, ಒಟ್ಟು 1000 ಡೈಪೋಲುಗಳು. ಅವೆಲ್ಲವೂ 34.5 ಮೆಗಾಹರ್ಟ್ಸ್ ಎಂಬ ಒಂದೇ ಕಂಪನಾಂಕದ ಸುತ್ತ ಕೆಲಸಮಾಡತಕ್ಕವು. ಆ ಕಂಪನಾಂಕದಲ್ಲಿ ಆಕಾಶದ ನಕ್ಷೆಯನ್ನು ದ್ವಾರಕಾನಾಥ್ ಮತ್ತು ಉದಯಶಂಕರ್ ಅವರು 1990ರಲ್ಲಿ ಪ್ರಕಟಿಸಿದರು. ಆದರೆ ಸೂರ್ಯನನ್ನು ನೋಡಲು ಒಂದು ಕಂಪನಾಂಕ ಸಾಲದು. ಸೂರ್ಯನ ಹೊರವಲಯದಲ್ಲಿ ಎತ್ತರ ಹೆಚ್ಚಿದಂತೆ ಅಲ್ಲಿಂದ ಹೊರಡುವ ತರಂಗಗಳ ಕಂಪನಾಂಕ ಇಳಿಯುತ್ತದೆ. ಒಂದು ಸ್ಫೋಟವು ಮೇಲೇರುವಾಗ ಅದರ ಧ್ವನಿ ಕ್ಷಣಕ್ಷಣಕ್ಕೂ ತಗ್ಗಿನ ಸ್ವರಕ್ಕೆ ಜಾರುತ್ತದೆ. ಅದನ್ನು ಬೆನ್ನಟ್ಟಬೇಕಾದರೆ ವಿಶಾಲ ಪಟ್ಟಿಯ ಆಂಟೆನಾ ಅವಶ್ಯಕ. ಆದುದರಿಂದ 1997ರಲ್ಲಿ ಅದೇ ಆವರಣದಲ್ಲಿ ಖಭೌತ ಸಂಸ್ಥೆಯವರು ನಿಲ್ಲಿಸಿದ ರೇಡಿಯೋಹೀಲಿಯೋಗ್ರಾಫಿಗೆ 192 ಲಾಗ್-ಪೀರಿಯಾಡಿಕ್ ಆಂಟೆನಾಗಳನ್ನು ಜೋಡಿಸಿದರು. ಅವು 40ರಿಂದ 150 ಮೆಗಾಹರ್ಟ್ಸ್‌ವರೆಗೆ ಕೆಲಸಮಾಡುತ್ತವೆ. ಇಲಿನಾಯ್‌ನ ಗುಣೋತ್ತರ ಶ್ರೇಢಿ ಗೌರಿಬಿದನೂರಿನ ಬಯಲಿಗೆ ಬಂದುದು ಹೀಗೆ.

ಇಲ್ಲಿ ಒಂದು ಭೇದವನ್ನು ಗಮನಿಸುವುದು ಅಗತ್ಯ. ಲಾಗ್-ಪೀರಿಯಾಡಿಕ್ ಆಂಟೆನಾದಲ್ಲಿ ಉದ್ದ ತರಂಗವು ಒಂದು ತುದಿಯಿಂದಲೂ ಗಿಡ್ಡ ತರಂಗವು ಇನ್ನೊಂದು ತುದಿಯಿಂದಲೂ ಹೊರಡುತ್ತದೆ. ನ್ಯಾನೋಸೆಕೆಂಡಿಗೂ ಕಿರಿದಾದ ಒಂದು ಸ್ಪಂದವನ್ನು ಅದರ ಮೂಲಕ ಕಳುಹಿಸಿದರೆ ಅದರ ಅಂಶಗಳು ಬೇರೆಬೇರೆ ಕಾಲಕ್ಕೆ ಹೊರಬಿದ್ದು ಸ್ಪಂದವು ಚೆದರಿಹೋಗುತ್ತದೆ. 2002ರ ನಂತರದ ಅತಿವಿಶಾಲ ಪಟ್ಟಿಯ ಸಂಪರ್ಕಕ್ಕೆ ಸ್ಪಂದದ ಅಚ್ಚುಕಟ್ಟೇ ಜೀವಾಳ. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು 30 ಸೆಂಟಿಮೀಟರು ಸಾಗುತ್ತದಾದ್ದರಿಂದ, ಸ್ಪಂದವು ಚೂಪಾಗಿದ್ದಷ್ಟೂ ದೂರದ ಅಳತೆ ಖಚಿತವಾಗುತ್ತದೆ. ಕಾರಿನ ಬೀಗದ ಕೈ, 2019ರಿಂದೀಚೆಗಿನ ಕೆಲವು ಮೊಬೈಲು ಫೋನುಗಳು ಇದನ್ನೇ ಬಳಸುತ್ತವೆ. ಆದುದರಿಂದ ಈ ಕೆಲಸಕ್ಕೆ ವಿದ್ವಾಂಸರು ಲಾಡ್ಜನ ಶಂಕು, ತ್ರಿಕೋನ, ತಟ್ಟೆಗಳಿಗೂ, ಬೋಸರ ಕಹಳೆಯನ್ನು ಚಪ್ಪಟೆ ಮಾಡಿದಂತಿರುವ, 1979ರಲ್ಲಿ ಗಿಬ್ಸನ್ ವಿವಾಲ್ಡಿಯೆಂದು ಹೆಸರಿಟ್ಟ ಆಕೃತಿಗೂ ಹಿಂದಿರುಗಬೇಕಾಯಿತು. ಶಕ್ತಿಯ ಮಿತಿಯೂ ಕಠಿನವಾದದ್ದು. ನಿಯಮವು ಒಂದು ಮೆಗಾಹರ್ಟ್ಸ್‌ಗೆ ಸುಮಾರು 75 ನ್ಯಾನೋವಾಟ್ ಮಾತ್ರ ಅನುಮತಿಸುತ್ತದೆ. ಇಡೀ 7500 ಮೆಗಾಹರ್ಟ್ಸ್ ತುಂಬಿದರೂ ಒಟ್ಟು ಅರ್ಧ ಮಿಲಿವಾಟಿನ ಆಸುಪಾಸು. ಗೋಪಾಲಸ್ವಾಮಿಯವರ ಮನೆಯ ನಿಲಯದ ಶಕ್ತಿ ಇದರ ಐವತ್ತು ಸಾವಿರ ಪಟ್ಟಿಗೂ ಹೆಚ್ಚು. ಕಿಡಿಯ ಕಾಲದಲ್ಲಿ ಎಲ್ಲರ ಕಿವಿಗೂ ಕರ್ಕಶವಾಗಿದ್ದುದು, ಈಗ ಯಾರ ಕಿವಿಗೂ ಬೀಳದ ಪಿಸುಮಾತಿನ ಷರತ್ತಿನ ಮೇಲೆ ಮರಳಿ ಬಂದಿದೆ.

ಇನ್ನು ನಮ್ಮ ಮುಖ್ಯ ನಿದರ್ಶನಕ್ಕೆ ಬರೋಣ. ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದಲ್ಲಿ ಎಲ್ಲೆಲ್ಲಿಯೂ ಹರಡಿದ್ದ ಜಲಜನಕದ ಅನಿಲವು ತನ್ನ ಸಹಜವಾದ 1420 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಒಂದು ಗುರುತನ್ನು ಬಿಟ್ಟಿರಬೇಕು. ವಿಶ್ವವು ಹಿಗ್ಗಿದಂತೆ ಆ ತರಂಗವೂ ಹಿಗ್ಗಿ, ನಮ್ಮನ್ನು ತಲಪುವ ವೇಳೆಗೆ 50ರಿಂದ 100 ಮೆಗಾಹರ್ಟ್ಸ್‌ಗಳ ನಡುವೆ ಎಲ್ಲಿಯೋ ಒಂದು ಆಳವಿಲ್ಲದ ತಗ್ಗಿನಂತೆ ಕಾಣಬೇಕು. 2018ರಲ್ಲಿ ಎಡ್ಜಸ್ ಎಂಬ ಅಮೆರಿಕದ ತಂಡವು ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿ ನಡೆಸಿದ ವೀಕ್ಷಣೆಗಳಿಂದ 78 ಮೆಗಾಹರ್ಟ್ಸ್‌ನ ಬಳಿ ಅಂತಹ ತಗ್ಗನ್ನು ಕಂಡೆವೆಂದು ಪ್ರಕಟಿಸಿತು. ತಗ್ಗಿನ ಆಳ ಅರ್ಧ ಕೆಲ್ವಿನ್. ಸಿದ್ಧಾಂತವು ನಿರೀಕ್ಷಿಸಿದ್ದಕ್ಕಿಂತ ಎರಡು ಪಟ್ಟಿಗೂ ಮಿಗಿಲು. ಇದು ನಿಜವಾಗಿದ್ದರೆ ಭೌತಶಾಸ್ತ್ರದ ತಳಹದಿಯಲ್ಲಿಯೇ ಏನೋ ಹೊಸದನ್ನು ಸೇರಿಸಬೇಕಾಗುತ್ತಿತ್ತು. ಆದರೆ ನಮ್ಮ ಆಕಾಶಗಂಗೆಯ ಗದ್ದಲವೇ ಅಲ್ಲಿ ಸಾವಿರ ಕೆಲ್ವಿನ್ನಿಗೂ ಮೇಲ್ಪಟ್ಟದ್ದು. ಅದರ ಮೇಲೆ ಅರ್ಧ ಕೆಲ್ವಿನ್ನಿನ ತಗ್ಗು! ಆಂಟೆನಾ ಒಂದು ಕಂಪನಾಂಕಕ್ಕಿಂತ ಇನ್ನೊಂದಕ್ಕೆ ಎಳ್ಳಿನಷ್ಟು ಒಲವು ತೋರಿದರೂ, ಆ ಒಲವೇ ನಕ್ಷತ್ರದ ಗುರುತೆಂದು ಕಾಣಬಹುದು.

ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಕಷ್ಟ ಪರಿಚಿತವಾದದ್ದು. ಬಿ. ಎಲ್. ರೈಸ್ ಅವರು ಕೊಡಗಿನ ಶಾಸನಗಳ ಸಂಪುಟವನ್ನು ಪ್ರಕಟಿಸಿದುದು 1886ರಲ್ಲಿ, ಎಂದರೆ ಹರ್ಟ್ಸ್ ಪ್ರಯೋಗಕ್ಕೆ ತೊಡಗಿದ ವರ್ಷದಲ್ಲಿಯೇ. ಶಾಸನವನ್ನು ಓದುವವನು ಕಲ್ಲಿನ ಬಿರುಕನ್ನು ಅಕ್ಷರವೆಂದು ಭ್ರಮಿಸಬಾರದು. ಕಂಡರಿಸಿದವನ ಕೈತಪ್ಪನ್ನು ರಾಜನ ಮಾತೆಂದು ತಿಳಿಯಬಾರದು. ಎಡ್ಜಸ್ ತಂಡದ ಆಂಟೆನಾದ ಕೆಳಗೆ ಹಾಸಿದ್ದ ಲೋಹದ ಜಾಲರಿಯ ದೋಷವೇ ಆ ತಗ್ಗಿಗೆ ಕಾರಣವಿರಬಹುದೆಂದು ಕೆಲವರು ವಾದಿಸಿದರು. ಸಂದೇಹವನ್ನು ಹೇಳುವುದು ಸುಲಭ. ಬಿರುಕಿಲ್ಲದ ಇನ್ನೊಂದು ಕಲ್ಲನ್ನು ತರುವುದು ಕಷ್ಟ.

ಆ ಕಷ್ಟವನ್ನು ವಹಿಸಿದವರು ರಾಮನ್ ಸಂಶೋಧನ ಸಂಸ್ಥೆಯ ಸಾರಸ್ ತಂಡದವರು. ಅವರ ಮೊದಲ ಆಂಟೆನಾ 87.5ರಿಂದ 175 ಮೆಗಾಹರ್ಟ್ಸ್‌ಗಳಿಗಾಗಿ ಮಾಡಿದ ದಪ್ಪ ಡೈಪೋಲು. ಎರಡನೆಯದರಲ್ಲಿ ಲೋಹದ ಗೋಳ. ಮೂರನೆಯದರಲ್ಲಿ ತಟ್ಟೆಯ ಮೇಲೆ ತುದಿಯೂರಿ ನಿಂತ ಶಂಕು. ಲಾಡ್ಜನ ಆಕೃತಿಯೇ ಮತ್ತೆ! ಇದರ ವ್ಯಾಪ್ತಿ ಸುಮಾರು 43ರಿಂದ 87 ಮೆಗಾಹರ್ಟ್ಸ್, ಅರ್ಥಾತ್ ಸಂಗೀತದ ಒಂದು ಪೂರ್ಣ ಸ್ಥಾಯಿಯಷ್ಟು. ಆದರೆ ಆಂಟೆನಾ ಎಷ್ಟೇ ನಿರ್ದುಷ್ಟವಾಗಿದ್ದರೂ ಕೆಳಗಿನ ನೆಲ ಸುಮ್ಮನಿರುವುದಿಲ್ಲ. ಮಣ್ಣು, ತೇವ, ಬಂಡೆಗಳ ಪದರಗಳಿಂದ ಪ್ರತಿಫಲಿಸಿದ ತರಂಗವು ತಡವಾಗಿ ಹಿಂದಿರುಗಿ, ಒಂದು ಕಂಪನಾಂಕದಲ್ಲಿ ಕೂಡಿಕೊಂಡು ಮತ್ತೊಂದರಲ್ಲಿ ಕಳೆದು, ಏರುತಗ್ಗುಗಳನ್ನುಂಟುಮಾಡುತ್ತದೆ. ನೆಲವನ್ನು ತಿದ್ದುವುದು ಅಸಾಧ್ಯವಾದಾಗ ತಂಡದವರು ನೆಲವನ್ನೇ ಬಿಟ್ಟರು. ಸಾಕಷ್ಟು ಆಳವಿರುವ ನೀರು ಎಲ್ಲ ಕಡೆಯೂ ಒಂದೇ ಬಗೆಯದು, ಅದರಲ್ಲಿ ಪದರಗಳಿಲ್ಲ. ತೆಪ್ಪವೊಂದರ ಮೇಲೆ ಶಂಕುವನ್ನೂ ತಟ್ಟೆಯನ್ನೂ ಏರಿಸಿ, 2020ರ ಮೊದಲ ತಿಂಗಳುಗಳಲ್ಲಿ ಮೊದಲು ದಂಡಿಗನಹಳ್ಳಿಯ ಕೆರೆಯಲ್ಲಿಯೂ ಅನಂತರ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು.

ಶರಾವತಿಯ ಈ ಹಿನ್ನೀರು ಲಿಂಗನಮಕ್ಕಿಯ ಅಣೆಕಟ್ಟಿನಿಂದ 1964ರಲ್ಲಿ ಉಂಟಾದುದು. ಅದರಡಿಯಲ್ಲಿ ಮಲೆನಾಡಿನವರ ಗದ್ದೆ, ತೋಟ, ಮನೆ, ದೇವಸ್ಥಾನಗಳು ಮುಳುಗಿವೆ. ಮುಳುಗಡೆ ಎಂಬ ಒಂದು ಪದವೇ ಅಲ್ಲಿನ ಜನಜೀವನದ ಕಾಲಗಣನೆಗೆ ಆಧಾರವಾಗಿದೆ. ಆ ನೀರಿನ ನಿರ್ಜನತೆಯೇ ರೇಡಿಯೋ ಗದ್ದಲವಿಲ್ಲದ ಸ್ಥಳವನ್ನು ಹುಡುಕುತ್ತಿದ್ದವರಿಗೆ ಅನುಕೂಲವಾಯಿತೆಂಬುದನ್ನು ಸಂತೋಷದಿಂದ ಮಾತ್ರ ಬರೆಯಲು ನಮಗೆ ಸಾಧ್ಯವಿಲ್ಲ. ಎಫ್. ಎಂ. ನಿಲಯಗಳ ಪಟ್ಟಿ 88 ಮೆಗಾಹರ್ಟ್ಸ್‌ನಿಂದ ಆರಂಭವಾಗುವುದರಿಂದ, ತಂಡದವರು ಆಲಿಸಬೇಕಾಗಿದ್ದ ಸ್ಥಾಯಿಯು ಅದರ ಹೊಸಲಿನಲ್ಲಿಯೇ ಇತ್ತು. ಒಂದು ಊರಿಗೆ ವಾರ್ತೆಯನ್ನೂ ಹಾಡನ್ನೂ ತರುವ ತರಂಗವು ಇನ್ನೊಂದು ಕಡೆ ಸಾಕ್ಷ್ಯವನ್ನು ಮುಚ್ಚುವ ಗದ್ದಲವಾಗುತ್ತದೆ.

ಸುಮಾರು 15 ಗಂಟೆಗಳಷ್ಟು ಶುದ್ಧವಾದ ವೀಕ್ಷಣೆ ಕೈಗೂಡಿತು. ಸೌರಭ ಸಿಂಗ್, ರವಿ ಸುಬ್ರಹ್ಮಣ್ಯನ್, ಉದಯಶಂಕರ್ ಮುಂತಾದವರ ತಂಡವು 55ರಿಂದ 85 ಮೆಗಾಹರ್ಟ್ಸ್‌ವರೆಗಿನ ಅಳತೆಗಳನ್ನು ಪರಿಶೀಲಿಸಿ 2022ರ ಫೆಬ್ರವರಿ 28ರಂದು ನೇಚರ್ ಆಸ್ಟ್ರಾನಮಿ ಪತ್ರಿಕೆಯಲ್ಲಿ ತೀರ್ಪನ್ನು ಪ್ರಕಟಿಸಿತು. ಎಡ್ಜಸ್ ತಂಡವು ಹೇಳಿದ ಆಕಾರದ ತಗ್ಗು ಶರಾವತಿಯ ಆಕಾಶದಲ್ಲಿ ಕಾಣಲಿಲ್ಲ. ಆ ತಗ್ಗು ಆಕಾಶದ್ದೆಂಬ ವಾದವನ್ನು 95.3 ಪ್ರತಿಶತ ನಿಶ್ಚಯದಿಂದ ತಳ್ಳಿಹಾಕಬಹುದು ಎಂಬುದು ಅದರ ಸಾರಾಂಶ. ಇದರಿಂದ ಆದಿನಕ್ಷತ್ರಗಳ ಗುರುತೇ ಇಲ್ಲವೆಂದು ಸಿದ್ಧವಾಗುವುದಿಲ್ಲ. ಅದು ಇನ್ನೂ ಮಂದವಾಗಿರಬಹುದು. ಅಲ್ಲದೆ 95.3 ಪ್ರತಿಶತವೆಂಬುದು ಭೌತಶಾಸ್ತ್ರದಲ್ಲಿ ಕೊನೆಯ ಮಾತಲ್ಲ. ಒಬ್ಬ ಸಾಕ್ಷಿಯ ಹೇಳಿಕೆಗೆ ಪ್ರತಿಯಾಗಿ ನಂಬಲರ್ಹನಾದ ಇನ್ನೊಬ್ಬ ಸಾಕ್ಷಿಯ ಹೇಳಿಕೆ, ಅಷ್ಟೆ. ಆದರೆ ಮೊದಲ ಸಾಕ್ಷಿಯನ್ನು ಅದೇ ಕಂಪನಾಂಕಗಳಲ್ಲಿ ಇಷ್ಟು ಬಿಗಿಯಾಗಿ ಪಾಟೀಸವಾಲಿಗೆ ಗುರಿಪಡಿಸಿದ ಮೊದಲ ಪ್ರಯೋಗ ಇದೆಂಬುದರಲ್ಲಿ ಸಂದೇಹವಿಲ್ಲ. ಸಾಕ್ಷಿಯ ಬಲವಿರುವುದು ದೊಡ್ಡ ಯಂತ್ರದಲ್ಲಲ್ಲ, ಒಂದು ಶಂಕುವಿನ ಅಳತೆಯಲ್ಲಿ ಮತ್ತು ಅದರ ಕೆಳಗಿನ ನೀರಿನಲ್ಲಿ.

ಅದೇ ಸಂಸ್ಥೆಯವರು ಮುಂದಿನ ಹೆಜ್ಜೆಯಾಗಿ ಪ್ರತ್ಯುಷ್ ಎಂಬ ಉಪಕರಣವನ್ನು ಚಂದ್ರನ ಕಕ್ಷೆಗೆ ಕಳುಹಿಸುವ ಯೋಜನೆಯನ್ನು ಮುಂದಿಟ್ಟಿದ್ದಾರೆ. ಚಂದ್ರನ ಹಿಂಬದಿಯನ್ನು ದಾಟುವಾಗ ಭೂಮಿಯ ಎಲ್ಲ ನಿಲಯಗಳೂ ಆ ಗೋಳದ ಮರೆಯಾಗುತ್ತವೆ. ಅಲ್ಲಿ ಕೆಳಗೆ ಮಣ್ಣೂ ಇಲ್ಲ, ನೀರೂ ಇಲ್ಲ. ಉಪಗ್ರಹದ ಲೋಹದ ಒಡಲೇ ಆಂಟೆನಾದ ನೆಲವಾಗಬೇಕಾಗುತ್ತದೆ. ಆ ಒಡಲಿನ ಒಲವುನಿಲುವುಗಳನ್ನು ಹೇಗೆ ಅಳೆದು ಕಳೆಯಬೇಕೆಂಬುದೇ ಈಗ ಅವರ ಮುಂದಿರುವ ಪ್ರಶ್ನೆ.